ಅವಧಾನ: ಎಂಟು ಮಂದಿಯ ನಡುವೆ ಒಬ್ಬ ಕವಿ

ಅವಧಾನ ಎಂದರೆ ಏಕಾಗ್ರತೆ. ಅದೇ ಹೆಸರಿನ ಸಾಹಿತ್ಯದ ಆಟದಲ್ಲಿ ವೇದಿಕೆಯ ನಡುವೆ ಒಬ್ಬ ಕವಿ ಕೂರುತ್ತಾನೆ, ಅವನೇ ಅವಧಾನಿ. ಅವನ ಅಕ್ಕಪಕ್ಕ ಪ್ರಶ್ನೆ ಕೇಳುವ ಪೃಚ್ಛಕರು. ಎಂಟು ಮಂದಿಯಿದ್ದರೆ ಅಷ್ಟಾವಧಾನ, ನೂರು ಮಂದಿಯಿದ್ದರೆ ಶತಾವಧಾನ. ಕವಿಯ ಕೈಯಲ್ಲಿ ಹಾಳೆಯಿಲ್ಲ, ಲೇಖನಿಯಿಲ್ಲ. ಕೇಳಿದ ಪದ್ಯಗಳನ್ನೆಲ್ಲ ಛಂದಸ್ಸು ಕೆಡದಂತೆ ಕಟ್ಟಬೇಕು, ಕಟ್ಟಿದ್ದನ್ನು ನೆನಪಿನಲ್ಲಿಯೂ ಇಟ್ಟುಕೊಳ್ಳಬೇಕು.

ಮಾತಿನ ಇಂಥ ಆಟಗಳು ನಮ್ಮಲ್ಲಿ ಬಹಳ ಹಳೆಯವು. ವಾತ್ಸ್ಯಾಯನನ ಕಾಮಸೂತ್ರ ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಒಗಟು ಇದೆ, ಇಂದಿನ ಅಂತ್ಯಾಕ್ಷರಿಯನ್ನು ಹೋಲುವ ಪ್ರತಿಮಾಲೆ ಇದೆ, ಕಾವ್ಯಸಮಸ್ಯಾಪೂರಣವೂ ಇದೆ. ತೆಲುಗು ನಾಡಿನಲ್ಲಿ ಅವಧಾನವನ್ನು ಜನರ ಬಳಿಗೆ ಒಯ್ದವರು ತಿರುಪತಿ ವೆಂಕಟ ಕವುಲು ಎಂದೇ ಹೆಸರಾದ ದಿವಾಕರ್ಲ ತಿರುಪತಿ ಶಾಸ್ತ್ರಿ ಮತ್ತು ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ. ಕನ್ನಡದಲ್ಲಿ 1930ರ ದಶಕದಲ್ಲಿ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಅವಧಾನ ಮಾಡಿದರು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಮಾತು, ಹಾಡು ಬರೆದವರೂ ಅವರೇ. ಆಮೇಲೆ ಇಲ್ಲಿ ಈ ಕಲೆ ಬಹುಕಾಲ ಮಂಕಾಗಿತ್ತು. ಅದಕ್ಕೆ ಮತ್ತೆ ಜೀವ ಬಂದದ್ದು 1980ರ ದಶಕದಿಂದ ಈಚೆಗೆ, ಆರ್. ಗಣೇಶ್ ಅವರಿಂದ. 2012ರಲ್ಲಿ ಅವರು ಬೆಂಗಳೂರಿನಲ್ಲಿ ಮೂರು ದಿನ ಪೂರ್ತಿ ಕನ್ನಡದಲ್ಲೇ ಶತಾವಧಾನ ನಡೆಸಿದರು.

ಅಷ್ಟಾವಧಾನದ ಎಂಟು ಅಂಗಗಳಲ್ಲಿ ಸಭೆಗೆ ಬೇಗ ಹಿಡಿಸುವುದು ಸಮಸ್ಯಾಪೂರಣ. ಪೃಚ್ಛಕ ಪದ್ಯದ ಕೊನೆಯ ಸಾಲನ್ನಷ್ಟೇ ಕೊಡುತ್ತಾನೆ. ಅದು ಕೇಳುವುದಕ್ಕೇ ಅಸಂಗತವಾಗಿರಬೇಕು. ಮೇಲಿನ ಮೂರು ಸಾಲು ಕಟ್ಟಿ ಅದಕ್ಕೆ ಅರ್ಥ ತರುವುದು ಅವಧಾನಿಯ ಹೊಣೆ. ಮಾದರಿಗೆಂದು ಹೊಸೆದ ಒಂದು ಸಾಲು: ‘ಸೀತೆಯನು ಕದ್ದೊಯ್ದವನು ರಾಮ’. ಕದ್ದವನು ರಾವಣನೆಂಬುದು ಮಕ್ಕಳಿಗೂ ಗೊತ್ತು. ಬಿಡಿಸುವ ಒಂದು ಬಗೆ ಹೀಗೆ:

ಕೂತು ಜನ ನೋಡಿರಲು ಬಯಲಾಟ
ಮಾತಿನಲಿ ಗುಡುಗಿ ನಡುರಂಗದಲಿ
ಖ್ಯಾತ ದಶಕಂಠನಾ ವೇಷದಲಿ
ಸೀತೆಯನು ಕದ್ದೊಯ್ದವನು ರಾಮ

ರಾವಣನ ವೇಷ ಕಟ್ಟಿದ ಕಲಾವಿದನ ಹೆಸರೇ ರಾಮ! ಕೊಟ್ಟ ಸಾಲಿನ ಒಂದಕ್ಷರವೂ ಬದಲಾಗಿಲ್ಲ. ಐದೈದು ಮಾತ್ರೆಯ ಮೂರು ಗಣಗಳು ಎಲ್ಲ ಸಾಲಿನಲ್ಲೂ ಇವೆ, ಎರಡನೆಯ ಅಕ್ಷರದ ತಕಾರಪ್ರಾಸವೂ ಉಳಿದಿದೆ. ನಿಜವಾದ ಅವಧಾನಗಳಲ್ಲಿ ಬರುವ ಸಮಸ್ಯೆಗಳು ಇದಕ್ಕಿಂತ ಎಷ್ಟೋ ಬಿಗಿ. ಕಂದ, ಮತ್ತೇಭ, ಶಾರ್ದೂಲದಂಥ ಛಂದಸ್ಸುಗಳಲ್ಲೂ ಇರುತ್ತವೆ.

ದತ್ತಪದಿಯಲ್ಲಿ ಕೊಡುವುದು ನಾಲ್ಕು ಪದ, ಸಾಲಿಗೊಂದರಂತೆ ಸೇರಿಸಬೇಕು. ಕಾರ್, ಲಾರಿ, ವ್ಯಾನ್, ಆಟೋ ಎಂದು ಕೊಟ್ಟು ಕೃಷ್ಣನ ಮೇಲೆ ಪದ್ಯ ಕೇಳಿದರೆಂದುಕೊಳ್ಳೋಣ. ಕಾರ್ಮುಗಿಲಿನಲ್ಲಿ ಕಾರ್ ಇದೆ, ದೈತ್ಯಕುಲಾರಿಯಲ್ಲಿ ಲಾರಿ, ದಿವ್ಯಾನನದಲ್ಲಿ ವ್ಯಾನ್, ಆಟೋಪದಲ್ಲಿ ಆಟೋ. ಸಂತೆಬೀದಿಯ ವಾಹನಗಳೆಲ್ಲ ಕೃಷ್ಣನ ಬಣ್ಣ, ಬಿರುದು, ಮುಖ, ಠೀವಿಗಳಾಗಿ ಕರಗಿಹೋಗುತ್ತವೆ.

ಎಲ್ಲಕ್ಕಿಂತ ಕಠಿಣವಾದದ್ದು ನಿಷೇಧಾಕ್ಷರಿ. ಇಲ್ಲಿ ಅವಧಾನಿ ಒಂದೊಂದೇ ಅಕ್ಷರ ನುಡಿಯುತ್ತಾ ಪದ್ಯ ಕಟ್ಟಬೇಕು. ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಪೃಚ್ಛಕ ಬೇಡವೆನ್ನುತ್ತಾನೆ. ವಿಷಯ ವಿನಾಯಕ ಎನ್ನಿ. ಅವಧಾನಿ ‘ಗ’ ಎಂದರೆ ‘ಗಣಪ’ ಬಂದೀತೆಂದು ಪೃಚ್ಛಕ ಣಕಾರಕ್ಕೆ ತಡೆ ಹಾಕುತ್ತಾನೆ. ಅವಧಾನಿ ‘ಜ’ ಎನ್ನುತ್ತಾನೆ. ‘ಗಜಮುಖ’ನೇ ಇರಬೇಕೆಂದು ಮಕಾರ ನಿಷೇಧ. ‘ವ’ ಎಂದು ಮುಂದುವರಿದರೆ, ‘ಗಜವದನ’ ತಪ್ಪಿಸಲು ದಕಾರಕ್ಕೂ ತಡೆ. ಆಗ ಬರುತ್ತದೆ ‘ಕ್ತ್ರ’: ಗಜವಕ್ತ್ರ! ಸಭೆ ಚಪ್ಪಾಳೆ ತಟ್ಟುವ ಕ್ಷಣವಿದು. ಆ ಚಪ್ಪಾಳೆಯಲ್ಲಿ ಪೃಚ್ಛಕನಿಗೂ ಪಾಲು ಸಲ್ಲಬೇಕು. ಮೂರು ದಾರಿ ಮುಚ್ಚಲು ಅವನಿಗೆ ಆ ಮೂರೂ ದಾರಿ ಗೊತ್ತಿರಬೇಕಷ್ಟೆ. ದಡ್ಡ ಪೃಚ್ಛಕನೆದುರು ಒಳ್ಳೆಯ ನಿಷೇಧಾಕ್ಷರಿ ಹುಟ್ಟುವುದಿಲ್ಲ. ಇಲ್ಲಿ ಅಡ್ಡಿಪಡಿಸುವವನೂ ಅರ್ಧ ಕವಿಯೇ.

ಚಿತ್ರಕವಿತೆಯಲ್ಲಿ ಅಕ್ಷರಗಳನ್ನು ಬಂಧವೆಂಬ ಚಿತ್ರವಿನ್ಯಾಸವೊಂದರ ಆಕಾರಕ್ಕೆ ಹೊಂದಿಸಬೇಕು. ಆಶುಕವಿತೆಯಲ್ಲಿ ವಿಷಯ ಕೊಟ್ಟ ಕೂಡಲೇ ಇಡೀ ಪದ್ಯ ಬರಬೇಕು. ಕಾವ್ಯವಾಚನದಲ್ಲಿ ಗಮಕಿ ಹಾಡಿದ ಹಳೆಯ ಪದ್ಯ ಯಾವ ಕಾವ್ಯದ್ದೆಂದು ಗುರುತಿಸಬೇಕು. ಸಂಖ್ಯಾಬಂಧದಲ್ಲಿ ಇಪ್ಪತ್ತೈದು ಮನೆಗಳ ಚೌಕವಿರುತ್ತದೆ. ಯಾವ ಸಾಲನ್ನು ಕೂಡಿದರೂ ಮೊದಲೇ ಹೇಳಿದ ಮೊತ್ತ ಬರಬೇಕು. ಪೃಚ್ಛಕ ಪದ್ಯದ ನಡುವೆಯೇ ಇದ್ದಕ್ಕಿದ್ದಂತೆ ಒಂದು ಮನೆ ತೋರಿಸಿ ಅಲ್ಲಿನ ಸಂಖ್ಯೆ ಕೇಳುತ್ತಾನೆ. ಇವೆಲ್ಲ ಸಾಲದೆಂಬಂತೆ ಅಪ್ರಸ್ತುತಪ್ರಸಂಗಿ ಒಬ್ಬನಿರುತ್ತಾನೆ. ಅಡುಗೆ, ಮದುವೆ, ಸಿನಿಮಾ, ರಾಜಕೀಯ, ಬಾಯಿಗೆ ಬಂದದ್ದು ಕೇಳಿ ಕವಿಯ ಗಮನ ಕದಡುವುದೇ ಅವನ ಕೆಲಸ. ಅವನಿಗೆ ನಗೆ ಉಕ್ಕಿಸುವ ಮರುಮಾತನ್ನೇ ಕೊಡಬೇಕು. ರೇಗಿದರೆ ಅವಧಾನಿ ಸೋತಂತೆ.

ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿ, ಚಿತ್ರಕವಿತೆ ಈ ನಾಲ್ಕೂ ಒಮ್ಮೆಗೇ ಮುಗಿಯುವುದಿಲ್ಲ. ಒಂದು ಸುತ್ತಿಗೆ ಒಂದೇ ಸಾಲು, ಹೀಗೆ ನಾಲ್ಕು ಸುತ್ತು. ಒಬ್ಬನಿಗೆ ಮೊದಲ ಸಾಲು ಹೇಳಿ, ಉಳಿದವರಿಗೆಲ್ಲ ಉತ್ತರಿಸಿ ಮತ್ತೆ ಅವನ ಬಳಿ ಬರುವಾಗ ಹಿಂದಿನ ಸಾಲನ್ನು ಯಾರೂ ನೆನಪಿಸುವುದಿಲ್ಲ. ನಾಲ್ಕನೆಯ ಸುತ್ತಿನ ಬಳಿಕ ಧಾರಣ. ಆಗ ಅವಧಾನಿ ಗಂಟೆಗಟ್ಟಲೆ ಹರಿದು ಹಂಚಿಹೋಗಿದ್ದ ಆ ಪದ್ಯಗಳನ್ನು ಒಂದೊಂದಾಗಿ, ಮೊದಲಿನಿಂದ ಕೊನೆಯವರೆಗೆ, ಅಕ್ಷರ ತಪ್ಪದೆ ಹೇಳುತ್ತಾನೆ. ಬಿಡಿಬಿಡಿಯಾಗಿ ಕೇಳಿಸಿಕೊಂಡ ಸಾಲುಗಳು ಸಭೆಗೆ ಇಡಿಯಾದ ಪದ್ಯಗಳಾಗಿ ದೊರಕುವುದು ಆಗಲೇ.