ಹೂವಿಗೆ ಹೋದವರು

ದೀಪಾವಳಿ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ. ಜಗಳೂರು ಕಡೆಯ ಲಂಬಾಣಿ ತಾಂಡಾವೊಂದರ ಹುಡುಗಿಯರು ಬುಟ್ಟಿ ಹಿಡಿದು ಕುರುಚಲು ಕಾಡಿನತ್ತ ಹೊರಟಿದ್ದಾರೆ. ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಮೇರಾ ಎಂಬ ಹಬ್ಬದ ಹಾರೈಕೆ ಹೇಳಿ ಬಂದವರೂ ಇವರೇ. ಗೆಜ್ಜೆ ಸದ್ದಿಗೆ ಪೊದೆಯೊಳಗಿನ ಗೌಜಲಹಕ್ಕಿಗಳು ಬುರ್ರನೆ ಎದ್ದವು.

ಮೊದಲು ಸಿಕ್ಕಿದ್ದು ತಂಗಡಿ. ಆವರಿಕೆ ಎಂದರೂ ಅದೇ. ಐದು ಹಳದಿ ಎಸಳು, ಹತ್ತು ಕೇಸರ. ಕೇಸರಗಳೆಲ್ಲ ಒಂದೇ ಅಳತೆಯವಲ್ಲ, ಕೆಲವಂತೂ ಬರಡು. ಪರಾಗ ಇರುವುದು ಕೇಸರದ ಒಳಗೆ, ಹೊರಬರಲು ತುದಿಯಲ್ಲೊಂದು ಸಣ್ಣ ತೂತು. ದಪ್ಪ ಕಪ್ಪು ದುಂಬಿಯೊಂದು ಹೂವನ್ನು ತಬ್ಬಿಕೊಂಡು, ರೆಕ್ಕೆ ಬಡಿಯದೆ ಮೈಯನ್ನಷ್ಟೇ ಗುಂಯ್‌ಗುಟ್ಟಿಸಿತು. ಪುಡಿ ಉದುರಿತು. ಹುಡುಗಿಯರು ದುಂಬಿ ಏಳುವವರೆಗೆ ಕಾದು ಆ ಗೊಂಚಲು ಕಿತ್ತರು.

ಅಣ್ಣೆ ಹೂವಿಗೆ ಮಾತ್ರ ಹೊಲಕ್ಕೇ ಇಳಿಯಬೇಕು. ರೈತನಿಗೆ ಅದು ಕಳೆ. ಬಿಳಿ ತೆನೆ, ತುದಿಗೆ ಗುಲಾಬಿ. ಎಸಳು ಒಣಕಲಾದ್ದರಿಂದ ಕಿತ್ತ ಮೇಲೂ ಬಣ್ಣ ಬಿಡುವುದಿಲ್ಲ. ಮನೆ ಮುಂದಿನ ಸಗಣಿ ಗುಡ್ಡೆಗೆ ಸಿಕ್ಕಿಸಲು ಇದಕ್ಕಿಂತ ಬೇರೆ ಹೂವು ಬೇಕಿಲ್ಲ.

ಬುಟ್ಟಿ ತುಂಬಿದ ಮೇಲೆ ಕುಣಿತ. ನಗಾರಿಯಿಲ್ಲ, ಸ್ಪೀಕರ್ ಇಲ್ಲ. ಹಾಡೇ ತಾಳ. ಸುತ್ತು ನಿಂತು, ಸೊಂಟ ಬಗ್ಗಿಸಿ ಚಪ್ಪಾಳೆ ತಟ್ಟಿ, ನೆಟ್ಟಗಾಗಿ ಒಂದು ಹೆಜ್ಜೆ ಪಕ್ಕಕ್ಕೆ. ಭಾರದ ಲಂಗ, ಫೇಟಿಯಾ, ಹೆಜ್ಜೆಗಿಂತ ತುಸು ತಡವಾಗಿ ತಿರುಗುತ್ತದೆ. ಹೊಸಬರು ಎಡವುವುದು ಅಲ್ಲೇ. ಚಿಕ್ಕವಳೊಬ್ಬಳು ಪಕ್ಕದವಳ ಪಾದ ನೋಡುತ್ತ ಮೂರನೆಯ ಸುತ್ತಿಗೆ ಸರಿಹೋದಳು. ಮದುವೆ ಗೊತ್ತಾಗಿದ್ದವಳಿಗೆ ಇದು ತವರಿನ ಕೊನೆಯ ದೀಪಾವಳಿ. ಅವಳು ಹಾಡುತ್ತಲೇ ಅತ್ತಳು.

ಜೊತೆಗಿದ್ದ ಅಜ್ಜಿಯನ್ನು ಕೇಳಿದೆ: "ಅಜ್ಜಿ, ನಿಮ್ ಕಾಲ್ದಾಗೂ ಇಷ್ಟು ದೂರ ಬರ್ತಿದ್ರಾ?"

"ಎಲ್ಲಿ ದೂರ ಸಾರ್! ತಾಂಡಾದ ಬೆನ್ನಿಗೇ ಇತ್ತು ಹೂವು. ಈಗ ಬರೀ ಮೆಕ್ಕೆಜೋಳ. ಔಷಧಿ ಹೊಡೀತಾರೆ, ಅಣ್ಣೆ ಎಲ್ಲಿ ಉಳೀತದೆ?"

ಮಾತು ಸರಿಯೇ. ಕಳೆನಾಶಕ ಬಿದ್ದ ಹೊಲದಲ್ಲಿ ಆ ತೆನೆ ಕಾಣಲಿಲ್ಲ. ಬದುವಿನಂಚಿಗೆ ಒಂದಷ್ಟು ನಿಂತಿತ್ತು. ಚನ್ನಗಿರಿಯ ತಾಂಡಾಗಳ ಪಾಡು ಇನ್ನೊಂದು ಬಗೆ. ಅಲ್ಲಿ ನೀರು ಬಂದಲ್ಲೆಲ್ಲ ಅಡಿಕೆ, ಅಡಿಕೆಯ ನೆರಳಿಗೆ ತಂಗಡಿ ಬಾರದು. ಹೊನ್ನಾಳಿಯಲ್ಲಿ ಹೊಳೆ ದಂಡೆಯ ಗದ್ದೆ ಬಿಟ್ಟು ಒಣ ದಿಬ್ಬ ಹತ್ತಬೇಕು. ಶ್ರಾವಣದ ತೀಜ್ ಹಬ್ಬಕ್ಕೆ ಈ ತಾಪತ್ರಯವಿಲ್ಲ. ಬುಟ್ಟಿಗೆ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತಿ, ದಿನವೂ ನೀರೆರೆದು ಅದರ ಸುತ್ತ ಹಾಡಿದರೆ ಆಯಿತು. ಮೊಳಕೆಗೆ ಕಾಡು ಬೇಡ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಲಂಬಾಣಿಗರ ಸಂತ ಸೇವಾಲಾಲರು ಹುಟ್ಟಿದ ಊರೆಂಬ ನಂಬಿಕೆಯಿದೆ. 1739ರ ಫೆಬ್ರವರಿ 15 ಅವರ ಜನ್ಮದಿನವೆಂದು ಸಮಾಜ ನಂಬುತ್ತದೆ. ಪ್ರತಿವರ್ಷ ಆ ಹೊತ್ತಿಗೆ ಮಾಲಾಧಾರಿಗಳು ಅಲ್ಲಿಗೆ ನಡೆದು ಬರುತ್ತಾರೆ, ವೇದಿಕೆಯ ಮೇಲೆ ಕುಣಿತವೂ ಇರುತ್ತದೆ. ವೇದಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ವೇದಿಕೆಯಲ್ಲಿ ಕುಣಿಯುವವಳು ಹೆಜ್ಜೆ ಕಲಿಯುವುದು ಇಂಥ ದಿಬ್ಬದ ಮೇಲೆ, ಚಪ್ಪಲಿ ಕಳಚಿಟ್ಟು, ಮುಳ್ಳು ನೋಡಿಕೊಂಡು. ಕಲೆ ಉಳಿಸಲು ಹೊರಟವರು ತರಬೇತಿ ಶಿಬಿರದ ಜೊತೆಗೆ ತಾಂಡಾದ ಸುತ್ತಲಿನ ಗೋಮಾಳದ ಪಹಣಿಯನ್ನೂ ಒಮ್ಮೆ ತೆಗೆಸಿ ನೋಡಬೇಕು.

ಫೆಬ್ರವರಿಗೆ ತಂಗಡಿಯ ಕಾಯಿ ಒಣಗಿ ಚಪ್ಪಟೆ ಕಂದು ಹಾಳೆಯಾಗಿರುತ್ತದೆ. ಬೀಜ ಆಯಲು ಅದೇ ಹೊತ್ತು. ಬದುವಿಗೆ ಎರಚಿದರೆ ಮುಂಗಾರಿಗೆ ಹುಟ್ಟುತ್ತದೆ. ಎಲೆ ಒಗರು, ದನ ಅಷ್ಟಾಗಿ ಮುಟ್ಟುವುದಿಲ್ಲ.