ತಲಾಖ್ ಆಯ್ತು, ಕಾಗದ ಎಲ್ಲಿ?

ಬೆಂಗಳೂರಿನ ಒಂದು ಪ್ರಕರಣ ನಮ್ಮ ಜಮಾಅತ್‌ಗಳಲ್ಲಿ ಚರ್ಚೆಯಾಗಬೇಕಿತ್ತು, ಆಗಲಿಲ್ಲ. 1991ರ ನವೆಂಬರ್‌ನಲ್ಲಿ ಗಂಡ ತಲಾಖ್ ಹೇಳಿದ, 5,000 ರೂಪಾಯಿ ಮಹ್ರ್ ಕೊಟ್ಟ. ಅವನ ಲೆಕ್ಕದಲ್ಲಿ ಮುಗೀತು. ಆ ಮಹಿಳೆ 2002ರಲ್ಲಿ ಜೀವನಾಂಶಕ್ಕಾಗಿ ಕೋರ್ಟಿಗೆ ಹೋದರು. ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂದು ತೀರ್ಪು ಬಂದದ್ದು 2011ರಲ್ಲಿ. ಆತ ಅದನ್ನೂ ಎಳೆದ. 2021ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವನ ಅರ್ಜಿ ವಜಾ ಮಾಡಿ, ಮೇಲಿಂದ 25,000 ರೂಪಾಯಿ ದಂಡ ಹಾಕಿದರು. ಇನ್ನೊಂದು ಮದುವೆಯಾಗಿದೆ, ಮಗು ಇದೆ ಎಂಬ ನೆಪ ನಡೆಯಲಿಲ್ಲ. ನಿಕಾಹ್ ಒಂದು ಒಪ್ಪಂದ, ಆದರೆ ಅದು ಮುರಿದ ಮಾತ್ರಕ್ಕೆ ಹೊಣೆಯೆಲ್ಲ ತೊಳೆದು ಹೋಗುವುದಿಲ್ಲ ಎಂದಿತು ಕೋರ್ಟು. ತಲಾಖಿನಿಂದ ಅಲ್ಲಿಯವರೆಗೆ 30 ವರ್ಷ!

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ನೆಲೆಸಿದ ನಮ್ಮ ಬ್ಯಾರಿ ಮನೆಗಳಲ್ಲಿ ಇನ್ನೊಂದು ತೊಡಕಿದೆ. ನಿಕಾಹ್ ದಾಖಲೆ ಊರಿನ ಮಸೀದಿಯಲ್ಲಿ, ಸಂಸಾರ ಇಲ್ಲಿ. ತಲಾಖ್ ಆದರೆ ಎರಡೂ ಕಡೆ ಬರೆಯುವವರಿಲ್ಲ. ಹೆಣ್ಣಿನ ಕಡೆಯವರು ಪತ್ರ ಕೇಳಿದರೆ, "ಈಗೆಂತ ಅರ್ಜೆಂಟ್? ರಂಝಾನ್ ಕಳೀಲಿ, ಮತ್ತೆ ನೋಡುವ." ಕೆಲವರು ಬೇಕೆಂದೇ ಎಳೆಯುತ್ತಾರೆ, ಅವಳು ಚಿನ್ನ ಬಿಟ್ಟುಕೊಡಲಿ, ಮಕ್ಕಳನ್ನು ಬಿಟ್ಟುಕೊಡಲಿ ಅಂತ. ತಂಗಿಯ ಮದುವೆ ಮುಗಿಯಲಿ ಎಂದು ಸುಮ್ಮನಿರುವ ತವರಿನವರೂ ಇದ್ದಾರೆ. ಅಷ್ಟರಲ್ಲಿ ಅವಳಿಗೆ ಒಳ್ಳೆಯ ಸಂಬಂಧ ಬಂದು ವಾಪಸ್ ಹೋಗಿರುತ್ತದೆ.

ದೀನ್ ಇದಕ್ಕೆ ಒಪ್ಪುತ್ತದೆಯೇ? ಪೀಡಿಸಲೆಂದು ಹೆಣ್ಣನ್ನು ಹಿಡಿದಿಟ್ಟುಕೊಳ್ಳುವುದನ್ನು ಸೂರಃ ಅಲ್ ಬಖರದ 231ನೇ ಆಯತ್ ನೇರವಾಗಿ ತಡೆಯುತ್ತದೆ. ಅನ್ನಿಸಾಅ್‌ನ 129ನೇ ಆಯತ್ ಪತ್ನಿಯನ್ನು ತೂಗುಬಿಡಬೇಡಿ ಎನ್ನುತ್ತದೆ. ಅದು ಒಂದಕ್ಕಿಂತ ಹೆಚ್ಚು ಪತ್ನಿಯರಿರುವವರ ಸಂದರ್ಭದ ಮಾತು ನಿಜ. ಆದರೆ ಕಾಗದವಿಲ್ಲದೆ ಕುಳಿತವಳ ಸ್ಥಿತಿಗೆ ಬೇರೆ ಹೆಸರು ನಮಗೆ ತೋಚುವುದಿಲ್ಲ.

ಕಾನೂನಿನಲ್ಲಂತೂ ತೊಡಕು ದೊಡ್ಡದು. ಒಂದೇ ಉಸಿರಿಗೆ ಹೇಳಿದ ಮೂರು ತಲಾಖ್ 2019ರ ಕಾಯ್ದೆಯ ಪ್ರಕಾರ ಊರ್ಜಿತವೇ ಅಲ್ಲ, ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು. ಅಂದರೆ ಮನೆಯವರು ಬಿಟ್ಟವಳು ಅಂದುಕೊಂಡ ಹೆಣ್ಣು, ಕಾನೂನಿಗೆ ಇನ್ನೂ ಹೆಂಡತಿ. ಹಾಗೇ ಮರುಮದುವೆ ಮಾಡಿಕೊಟ್ಟರೆ ಕೇಸು ಅವಳ ಮೇಲೆಯೇ ಬೀಳಬಹುದು. ಗಂಡ ತಲಾಖೂ ಕೊಡದೆ, ಖರ್ಚಿಗೂ ಕೊಡದೆ ಎರಡು ವರ್ಷ ಕಳೆದರೆ, 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಡಿ ಅವಳೇ ಕೋರ್ಟಿನಿಂದ ಬಿಡುಗಡೆ ಕೇಳಬಹುದು. ತಲಾಖ್ ಸರಿಯಾಗಿಯೇ ಆಗಿದ್ದು ತಕರಾರು ಎದ್ದರೆ, ವೈವಾಹಿಕ ಸ್ಥಿತಿ ಏನೆಂದು ಘೋಷಿಸುವ ಅಧಿಕಾರ ಕುಟುಂಬ ನ್ಯಾಯಾಲಯಕ್ಕಿದೆ. ಬೆಂಗಳೂರಿನಲ್ಲಿ ಅದು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ವಕೀಲರ ಫೀಸಿಗೆ ಹೆದರುವವರು ಗಮನಿಸಿ: ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಪಡೆಯಲು ಹೆಂಗಸರಿಗೆ ಆದಾಯದ ಮಿತಿಯಿಲ್ಲ.

ಇದ್ದತ್‌ನ ದಿನಗಳು ಗಂಡ ಹೆಂಡತಿ ಮತ್ತೆ ಕೂಡಲಿಕ್ಕೂ ಇರುವ ಅವಕಾಶ. ಕೂಡಲಿಲ್ಲವೋ, ಅದು ಮುಗಿಯುವ ವಾರದಲ್ಲೇ ಎರಡೂ ಕಡೆಯವರನ್ನು ಖತೀಬರು ಕೂರಿಸಲಿ. ತಲಾಖ್‌ನ ತಾರೀಕು, ಮಹ್ರ್, ಚಿನ್ನ, ಮಕ್ಕಳ ಖರ್ಚು, ಎಲ್ಲ ಬರೆದು ಸಾಕ್ಷಿಗಳ ಸಹಿ ಹಾಕಿಸಲಿ. ಒಂದು ಪ್ರತಿ ಊರಿನ ಮಸೀದಿಗೆ, ಒಂದು ಇಲ್ಲಿನ ಮಸೀದಿಗೆ, ಒಂದು ಅವನಿಗೆ, ಒಂದು ಅವಳಿಗೆ. ಅವಳ ಪ್ರತಿ ಅವಳ ಕೈಯಲ್ಲೇ ಇರಲಿ, ಅಣ್ಣನ ಕಪಾಟಿನಲ್ಲಿ ಅಲ್ಲ.