ಮರ, ಮೇವು ಮತ್ತು ಒಡಂಬಡಿಕೆ: ಚಿಮ್ಮಡ ಸೀಮೆಯ ಒಣನೆಲವನ್ನು ಕುರಿತು ಒಂದು ವಿವೇಚನೆ

ಹಿಂದೆ ಜಮಖಂಡಿ ತಾಲೂಕಿಗೆ ಸೇರಿದ್ದು, ಈಗ ರಬಕವಿ-ಬನಹಟ್ಟಿ ತಾಲೂಕಿನಲ್ಲಿರುವ ಚಿಮ್ಮಡವು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಗ್ರಾಮ. ಇಲ್ಲಿಂದ ಮುಧೋಳ, ಬೀಳಗಿಗಳವರೆಗೆ ಹಬ್ಬಿದ ಎರೆ ಮತ್ತು ಮಸಾರಿ ನೆಲಕ್ಕೆ ಬೀಳುವ ವಾರ್ಷಿಕ ಮಳೆ ಸಾಮಾನ್ಯವಾಗಿ 600 ಮಿಲಿಮೀಟರಿಗೂ ಕಡಿಮೆ. 2019ರ ಆಗಸ್ಟಿನಲ್ಲಿ ಈ ಎರಡೂ ನದಿಗಳ ಮಹಾಪೂರದಿಂದ ದಂಡೆಯ ಊರುಗಳು ಮುಳುಗಿದವು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ವಾಯುಗುಣವು ಬದಲಾದಂತೆ ಇಂತಹ ಏರಿಳಿತಗಳು ಹೆಚ್ಚುವುವೆಂಬುದು ವಿಜ್ಞಾನಿಗಳ ಅಭಿಮತ. ಆದುದರಿಂದಲೇ ಒಂದೇ ನೆಲದಲ್ಲಿ ಮರಗಳನ್ನು ಬೆಳೆಸಿ ಪಶುಗಳನ್ನೂ ಮೇಯಿಸುವ ಪದ್ಧತಿಯನ್ನು ಕೃಷಿಶಾಸ್ತ್ರಜ್ಞರು ಸೂಚಿಸುತ್ತಿದ್ದಾರೆ. ಈ ಪದ್ಧತಿಯು ನಮ್ಮ ಸೀಮೆಗೆ ಹೊಸತೇ? ಅಲ್ಲವಾದರೆ ಅದು ಕ್ಷೀಣಿಸಿದುದೇಕೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಹೊಲದ ಬದುಗಳಲ್ಲಿ ಬನ್ನಿ, ಜಾಲಿ, ಬೇವುಗಳನ್ನು ಉಳಿಸಿಕೊಳ್ಳುವುದು ಇಲ್ಲಿಯ ರೈತರ ಹಳೆಯ ರೂಢಿ. ಬನ್ನಿಯು ವಿಜಯದಶಮಿಯ ಪೂಜ್ಯ ವೃಕ್ಷ ಮಾತ್ರವಲ್ಲ. ಅದರ ಬೇರು ಆಳಕ್ಕಿಳಿದು ತಳದ ತೇವವನ್ನು ಹೀರುವುದರಿಂದ, ಹುಲ್ಲೆಲ್ಲ ಒಣಗಿದ ಬೇಸಗೆಯಲ್ಲಿಯೂ ಅದು ಚಿಗುರುತ್ತದೆ. ಜಾಲಿಯ ಕಾಯಿಗಳು ಮಾಗಿ ಉದುರುವುದೂ ಅದೇ ಕಾಲದಲ್ಲಿ. ಈ ಎರಡು ಮರಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆ. ಸುಗ್ಗಿ ಮುಗಿದ ಮೇಲೆ ರೈತನು ಕುರಿಗಾರನನ್ನು ಕರೆಯಿಸಿ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದನು. ಕುರಿಗಳಿಗೆ ಕೂಳೆ ಮತ್ತು ಕಾಯಿ, ಹೊಲಕ್ಕೆ ಹಿಕ್ಕೆಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೆ ಹಣ ದೊರೆಯುತ್ತಿತ್ತು. ಗಟ್ಟಿಯಾದ ಜಾಲಿಯ ಬೀಜವು ಕುರಿ-ಆಡುಗಳ ಹೊಟ್ಟೆಯನ್ನು ಹಾದು ಬಂದರೆ ಸುಲಭವಾಗಿ ಮೊಳೆಯುತ್ತದೆ. ಹೀಗೆ ಮರವು ಪಶುವನ್ನು ಪೋಷಿಸಿದರೆ ಪಶುವು ಮರದ ಬೀಜವನ್ನು ಬಿತ್ತುತ್ತಿತ್ತು.

ಈ ವ್ಯವಸ್ಥೆಯನ್ನು ನಾವು ಅತಿಯಾಗಿ ವೈಭವೀಕರಿಸಬಾರದು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಜನರೊಡನೆ ದನಕರುಗಳೂ ಅಪಾರ ಸಂಖ್ಯೆಯಲ್ಲಿ ಅಳಿದವು. ಅಂದಿನ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 8 ಲಕ್ಷವಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ 6½ ಲಕ್ಷಕ್ಕೂ ಕಡಿಮೆಯಾಗಿತ್ತು. ಮಳೆ ಸಂಪೂರ್ಣವಾಗಿ ಕೈಕೊಟ್ಟಾಗ ಬದುವಿನ ಮರಗಳಷ್ಟರಿಂದಲೇ ಊರು ಉಳಿಯದು. ಆದರೆ ಎತ್ತು ಸತ್ತ ಮನೆಯಲ್ಲಿ ಮಳೆ ಬಂದ ಮೇಲೂ ಬಿತ್ತನೆ ನಡೆಯದು. ಬೇಸಗೆಯ ಕೆಲವು ವಾರ ಮೇವು ಒದಗಿಸುವ ಮರದ ಬೆಲೆಯನ್ನು ಈ ದೃಷ್ಟಿಯಿಂದ ಅಳೆಯಬೇಕು.

ಇನ್ನು ಎರಡನೆಯ ಪ್ರಶ್ನೆ. ಬ್ರಿಟಿಷರ ನೇರ ಆಡಳಿತವಿದ್ದ ಪ್ರದೇಶಗಳಲ್ಲಿ 1878ರ ಅರಣ್ಯ ಕಾಯಿದೆಯು ಮೇಯಿಸುವ ರೂಢಿಯನ್ನು ಸರಕಾರದ ಅನುಮತಿಗೆ ಒಳಪಡಿಸಿತು. ಜಮಖಂಡಿ, ಮುಧೋಳಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಪ್ರತ್ಯೇಕ ಸಂಸ್ಥಾನಗಳಾಗಿದ್ದವು; ಆದುದರಿಂದ ಇಲ್ಲಿಯ ಬದಲಾವಣೆಗೆ ಆ ಕಾಯಿದೆಯೊಂದೇ ಕಾರಣವೆನ್ನಲಾಗದು. ನೀರಾವರಿಯು ಹಬ್ಬಿದಂತೆ ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲತೊಡಗಿತು. ಸುಗ್ಗಿಗೂ ಬಿತ್ತನೆಗೂ ನಡುವೆ ಕುರಿಗೆ ತೆರೆದಿರುತ್ತಿದ್ದ ಕಾಲವೇ ಇಲ್ಲವಾಯಿತು. ಊರೊಟ್ಟಿನ ಗಾಯರಾಣಗಳು ಕುಗ್ಗಿದವು. ಅನೇಕ ಕಡೆ ಉಳಿದ ಬಂಜರನ್ನು ಹೊರಗಿನಿಂದ ಬಂದ ಬಳ್ಳಾರಿ ಜಾಲಿಯು ಆವರಿಸಿ, ತನ್ನಡಿಯಲ್ಲಿ ಹುಲ್ಲು ಬೆಳೆಯದಂತೆ ಮಾಡಿತು.

ಪರಿಹಾರವೆಂದು ಎಲ್ಲೆಡೆ ದಟ್ಟವಾಗಿ ಸಸಿ ನೆಡುವುದು ಸರಿಯಲ್ಲ. ಬೀಳಗಿ-ಮುಧೋಳ ಭಾಗದ ಯಡಹಳ್ಳಿಯಲ್ಲಿ 2016ರಲ್ಲಿ ವನ್ಯಜೀವಿಧಾಮವು ಸ್ಥಾಪಿತವಾದುದು ಚಿಂಕಾರಗಳ ಸಲುವಾಗಿ. ಅವು ಬಯಲನ್ನೂ ಕುರುಚಲನ್ನೂ ಅವಲಂಬಿಸಿದ ಪ್ರಾಣಿಗಳು. ವಿರಳವಾದ ಮರ, ನಡುವೆ ಹುಲ್ಲು, ಇದೇ ಈ ನೆಲದ ಸಹಜ ರೂಪ. ಮರಗಳು ಒತ್ತಾದರೆ ನೆರಳಿನಲ್ಲಿ ಹುಲ್ಲೂ ಜೋಳವೂ ಸೊರಗುತ್ತವೆ.

2011-12ರಲ್ಲಿ ಆರಂಭವಾದ ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು, ಬದುಕುಳಿದ ಸಸಿಗಳಿಗೆ ಮೂರು ವರ್ಷಗಳವರೆಗೆ ರೈತರಿಗೆ ಪ್ರೋತ್ಸಾಹಧನವನ್ನು ಗೊತ್ತುಮಾಡಿತು. 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯೂ ಬಂದಿತು. ಇವು ಸ್ವಾಗತಾರ್ಹ. ಆದರೆ ಸಸಿಯ ಲೆಕ್ಕದಲ್ಲಿ ಭೂಮಿಯಿಲ್ಲದ ಕುರಿಗಾರನಿಗೆ ಸ್ಥಾನವಿಲ್ಲ. ಎಳೆಯ ಸಸಿಯನ್ನು ಕೆಲವು ವರ್ಷ ಕುರಿಯಿಂದ ಕಾಯಲೇಬೇಕು. ಆ ಅವಧಿಯಲ್ಲಿ ಅವನು ಹಿಂಡನ್ನು ಎಲ್ಲಿಗೆ ಹೊಡೆಯಬೇಕು? ಆಫ್ರಿಕದ ನೈಜರ್ ದೇಶದಲ್ಲಿ 1980ರ ದಶಕದಿಂದೀಚೆಗೆ ರೈತರು ಹಳೆಯ ಬೊಡ್ಡೆಗಳ ಚಿಗುರನ್ನು ಕಾಯ್ದು ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎಬ್ಬಿಸಿದರು. ಹೊಲದ ಮರ ತಮ್ಮದೇ ಎಂಬ ಭರವಸೆ ಅವರಿಗೆ ಮೂಡಿದುದು ಇದಕ್ಕೊಂದು ಮುಖ್ಯ ಕಾರಣ. ನಮ್ಮಲ್ಲಿ ಇಂತಹ ಭರವಸೆಯು ರೈತನಿಗೂ ಕುರಿಗಾರನಿಗೂ ದೊರೆಯಬೇಕು: ಗಾಯರಾಣವನ್ನು ಭಾಗಗಳಾಗಿ ವಿಂಗಡಿಸಿ, ಒಂದರಲ್ಲಿ ಸಸಿ ಬೆಳೆಯುವಾಗ ಉಳಿದವುಗಳಲ್ಲಿ ಮೇಯಿಸುವ ಹಕ್ಕನ್ನು ಊರವರು ಮೊದಲೇ ನಿಶ್ಚಯಿಸಬೇಕು.

ಮೇಲ್ಕಂಡ ವಿವೇಚನೆಯಿಂದ ಒಂದಂಶವು ಸ್ಪಷ್ಟವಾಗುತ್ತದೆ. ನಮ್ಮ ಸೀಮೆಯಲ್ಲಿ ಮರ-ಮೇವುಗಳ ಜ್ಞಾನಕ್ಕೆ ಕೊರತೆಯಿರಲಿಲ್ಲ. ಸಡಿಲವಾದುದು ರೈತ-ಕುರಿಗಾರರ ನಡುವಣ ಒಡಂಬಡಿಕೆ. ಅದು ಬಹುಮಟ್ಟಿಗೆ ಬಾಯಿಮಾತಿನದು. ದಫ್ತರಗಳಲ್ಲಿ ದೊರೆಯುವುದು ವಿರಳ. ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ಗಾಯರಾಣದ ಮೇರೆಗಳನ್ನೂ, ಕುರಿ ನಿಲ್ಲಿಸುವ ಕರಾರುಗಳನ್ನೂ ಹಿರಿಯರಿಂದ ಕೇಳಿ ಬರೆದಿಟ್ಟರೆ, ಮುಂದಿನ ಯೋಜನೆಗಳಿಗೆ ಅದು ಉಪಯುಕ್ತ ಆಧಾರವಾದೀತು.